ನೀರಿಲ್ಲದ ಜೋಗ, ಮುಚ್ಚಿದ ಗೇಟು

ಹೋಂಸ್ಟೇ ನಡೆಸುವವರಿಗೆ ಒಂದು ಕೆಟ್ಟ ಚಾಳಿ ಅಂಟಿಕೊಳ್ಳುತ್ತದೆ. ಅಂಗಳಕ್ಕೆ ಬಂದು ನಿಂತ ಕಾರಿನಿಂದ ಯಾರು ಮೊದಲು ಇಳಿಯುತ್ತಾರೆ ಎಂಬುದನ್ನು ನೋಡಿಯೇ ಮುಂದಿನ ಎರಡು ದಿನದ ಜಾತಕ ಬರೆದುಬಿಡುತ್ತೇವೆ. ಮಕ್ಕಳು ಮೊದಲು ಇಳಿದರೆ ದಾರಿಯಲ್ಲಿ ಯಾರಿಗೋ ವಾಂತಿಯಾಗಿದೆ. ಹೆಂಡತಿ ಮೊದಲು ಇಳಿದು ಬಾಗಿಲನ್ನು ತುಸು ಜೋರಾಗಿಯೇ ಹಾಕಿದರೆ ಕುಶಾಲನಗರದಿಂದೀಚೆಗೆ ಮಾತುಕತೆ ನಿಂತಿದೆ. ಅಪ್ಪ ಮೊದಲು ಇಳಿದು, ಸೊಂಟ ನೆಟ್ಟಗೆ ಮಾಡಿಕೊಂಡು, ಬೆಟ್ಟದ ಕಡೆ ಕೈ ಚಾಚಿ, ಅದನ್ನು ತಾನೇ ಸಾಲ ಮಾಡಿ ಕಟ್ಟಿಸಿದವನಂತೆ "ಹೇಗಿದೆ ನೋಡಿ!" ಎಂದರೆ ನನಗೆ ಅವನ ಮೇಲೆ ಮರುಕ ಹುಟ್ಟುತ್ತದೆ. ಏಕೆಂದರೆ ಬೆಟ್ಟ ಮಂಜಿನಲ್ಲಿ ಮುಳುಗಿದೆ, ಮಕ್ಕಳು ವೈಫೈ ಪಾಸ್‌ವರ್ಡ್ ಕೇಳುತ್ತಿದ್ದಾರೆ.

ಈ ಅಪ್ಪನಿಗೆ ಕ್ಲಾರ್ಕ್ ಗ್ರಿಸ್‌ವಾಲ್ಡ್ ಎಂಬ ಹೆಸರಿದೆ ಎಂದು ನನಗೆ ಗೊತ್ತಾದದ್ದು ಕಳೆದ ವರ್ಷದ ಜುಲೈನಲ್ಲಿ. ತಮ್ಮ ತನ್ನ ಹೆಂಡತಿ ಮತ್ತು ಇಬ್ಬರು ಹುಡುಗರನ್ನು ಕರೆದುಕೊಂಡು ಬೆಂಗಳೂರಿನಿಂದ ಬಂದಿದ್ದ. ನಮ್ಮದು ಕೊಡಗಿನ ಗಾಳಿಬೀಡಿನ ಕಡೆ. ಜುಲೈನಲ್ಲಿ ಅಲ್ಲಿಗೆ ಪ್ರವಾಸಿಗರಲ್ಲ, ಮಳೆ ಬಂದು ತಂಗುತ್ತದೆ. ಕರೆಂಟ್ ಹೋಗಿ ಮೂರನೆಯ ದಿನವಾಗಿತ್ತು. ಸಂಜೆ ಎರಡು ಗಂಟೆ ಜನರೇಟರ್ ಹಾಕುತ್ತಿದ್ದೆ. ಫ್ರಿಜ್ಜು, ನೀರಿನ ಪಂಪು, ಮೊಬೈಲುಗಳ ಸರದಿ ಮುಗಿದ ಮೇಲೆ ಲ್ಯಾಪ್‌ಟಾಪ್. ದೊಡ್ಡ ಹುಡುಗ ಅದರಲ್ಲಿ ಐದು ಹಳೆಯ ಅಮೆರಿಕನ್ ಸಿನಿಮಾಗಳನ್ನು ತುಂಬಿಕೊಂಡು ಬಂದಿದ್ದ. ಎಲ್ಲವೂ ಈ ಕ್ಲಾರ್ಕ್‌ನ ಕುಟುಂಬದ ರಜೆಯ ಕಥೆ. ಹುಡುಗರ ಹಟಕ್ಕೆ ಮೊದಲು ನೋಡಿದ್ದು ಕೊನೆಯದನ್ನು. ಹಾಗಾಗಿ ಈ ಸರಣಿಯನ್ನು ನಾವು ಬಾಲದಿಂದ ಹಿಡಿದೆವು.

2015ರ 'ವೆಕೇಷನ್' ಸಿನಿಮಾದಲ್ಲಿ ಮೊದಲ ಚಿತ್ರದ ಹುಡುಗ, ಕ್ಲಾರ್ಕ್‌ನ ಮಗ ರಸ್ಟಿ ದೊಡ್ಡವನಾಗಿದ್ದಾನೆ. ಚಿಕ್ಕದೊಂದು ವಿಮಾನ ಕಂಪನಿಯಲ್ಲಿ ಪೈಲಟ್. ಪ್ರತಿವರ್ಷ ಹೆಂಡತಿ ಮಕ್ಕಳನ್ನು ಅದೇ ಹಳೆಯ ಕಾಡುಮನೆಗೆ ಕರೆದೊಯ್ಯುತ್ತಾನೆ, ಹೆಂಡತಿಗೆ ಅದು ಸಾಕುಸಾಕಾಗಿದೆ ಎಂಬುದು ತಡವಾಗಿ ತಿಳಿಯುತ್ತದೆ. ಹಾಗಾದರೆ ತಾನು ಚಿಕ್ಕಂದಿನಲ್ಲಿ ಅಪ್ಪನೊಂದಿಗೆ ಹೋಗಿದ್ದ ವಾಲಿ ವರ್ಲ್ಡ್ ಎಂಬ ಮನರಂಜನಾ ಪಾರ್ಕಿಗೆ ಇವರನ್ನೂ ಕಾರಿನಲ್ಲೇ ಕರೆದೊಯ್ಯುತ್ತೇನೆ ಎಂದು ಹೊರಡುತ್ತಾನೆ. ಅಲ್ಬೇನಿಯಾದ್ದೆಂದು ಹೇಳಲಾದ ಒಂದು ವಿಚಿತ್ರ ಕಾರು, ಅದರ ಕೀಲಿಯಲ್ಲಿ ಏನು ಒತ್ತಿದರೆ ಏನಾಗುತ್ತದೆ ಎಂದು ತಯಾರಿಸಿದವನಿಗೂ ತಿಳಿಯದ ಗುಂಡಿಗಳು. ಬಿಸಿನೀರಿನ ಬುಗ್ಗೆ ಎಂದು ಕುಟುಂಬವೆಲ್ಲ ಇಳಿದು ಮೈಗೆ ಕೆಸರು ಬಳಿದುಕೊಳ್ಳುವ ಜಾಗ ಕೊನೆಗೆ ಕೊಳಚೆ ಗುಂಡಿ. ಪ್ರೇಯಸಿ ಕೈಕೊಟ್ಟ ಸುದ್ದಿ ಆಗತಾನೇ ಬಂದ ಗೈಡಿನೊಂದಿಗೆ ಗ್ರ್ಯಾಂಡ್ ಕ್ಯಾನ್ಯನ್‌ನ ಹೊಳೆಯಲ್ಲಿ ತೆಪ್ಪದ ಸವಾರಿ. ತಮ್ಮನ ಮನೆಯ ಸ್ಥಿತಿಯಂತೆಯೇ ಅಲ್ಲೂ ಚಿಕ್ಕ ಮಗನೇ ದೊಡ್ಡವನನ್ನು ಗೋಳು ಹುಯ್ದುಕೊಳ್ಳುತ್ತಾನೆ. ಅದನ್ನು ನೋಡಿ ನಮ್ಮ ದೊಡ್ಡ ಹುಡುಗ ಮಾತ್ರ ನಗಲಿಲ್ಲ.

ಅಮೆರಿಕದಲ್ಲಿ ಈ ಚಿತ್ರವನ್ನು 17 ವರ್ಷದೊಳಗಿನವರು ಹಿರಿಯರ ಜೊತೆಯಲ್ಲಿಯೇ ನೋಡಬೇಕೆಂಬ ಕಟ್ಟಳೆಯಿದೆ. ಹಿರಿಯರು ಜೊತೆಗಿದ್ದರೇ ಹೆಚ್ಚು ಕಷ್ಟ ಎಂಬುದು ಆ ಕಟ್ಟಳೆ ಮಾಡಿದವರಿಗೆ ಹೊಳೆದಿರಲಿಕ್ಕಿಲ್ಲ. ತಮ್ಮನ ಹೆಂಡತಿ ಒಂದು ಬೆರಳನ್ನು ಲ್ಯಾಪ್‌ಟಾಪಿನ ಮೇಲೆಯೇ ಇಟ್ಟುಕೊಂಡು ಕುಳಿತಿದ್ದಳು. ಅವ್ವ ಅರ್ಧ ತಾಸು ನೋಡಿ, "ಇವರಿಗೆ ಊಟ ಮಾಡುವ ಹೊತ್ತು ಇಲ್ಲವಾ?" ಎಂದು ಕೇಳಿ ಎದ್ದು ಅಡುಗೆಮನೆಗೆ ಹೋದಳು.

ನಕ್ಕೆವು, ಸುಳ್ಳು ಹೇಳುವುದಿಲ್ಲ. ಆದರೆ ಮರುದಿನ ಸಂಜೆ 1983ರ ಮೊದಲ ಚಿತ್ರ ಹಾಕಿದಾಗ ನಗು ಬೇರೆ ಕಡೆಯಿಂದ ಬಂತು. ಹೊಸ ಚಿತ್ರದ ರಸ್ಟಿ ಪಾಪದವನು. ಅವನಿಗೆ ಒದಗುವ ಫಜೀತಿಗಳಲ್ಲಿ ಹೆಚ್ಚಿನವು ಮಳೆಯ ಹಾಗೆ ಮೇಲಿನಿಂದ ಬೀಳುತ್ತವೆ. ಅವನು ನೆನೆಯುತ್ತಾನೆ, ಒರೆಸಿಕೊಳ್ಳುತ್ತಾನೆ, ಮುಂದಿನ ಊರಿಗೆ ಹೋಗುತ್ತಾನೆ. ಚೆವಿ ಚೇಸ್ ಮಾಡಿದ ಕ್ಲಾರ್ಕ್ ಹಾಗಲ್ಲ, ತನ್ನ ಮಳೆಯನ್ನು ತಾನೇ ತರಿಸಿಕೊಳ್ಳುವವನು. ಬೇರೆಯೇ ಕಾರಿಗೆ ಹಣ ಕೊಟ್ಟಿರುತ್ತಾನೆ, ಶೋರೂಮಿನವರು ಬಟಾಣಿ ಹಸಿರಿನ, ಮೈತುಂಬ ದೀಪ ಅಂಟಿಸಿದ ಒಂದು ಭೂತವನ್ನು ದಾಟಿಸುತ್ತಾರೆ. ಹಿಂದಿರುಗಿಸೋಣವೆಂದರೆ ಅವನ ಹಳೆಯ ಕಾರು ಆಗಲೇ ಜಜ್ಜಿ ಅಪ್ಪಚ್ಚಿಯಾಗಿದೆ. ಷಿಕಾಗೋದಿಂದ ಕ್ಯಾಲಿಫೋರ್ನಿಯಾಕ್ಕೆ ವಿಮಾನದಲ್ಲಿ ಹೋಗಬಹುದಲ್ಲ ಎಂದು ಹೆಂಡತಿ ಮೊದಲೇ ಹೇಳಿದ್ದಾಳೆ. ಇಲ್ಲ, ಹೋಗುವ ದಾರಿಯೇ ಅರ್ಧ ಸುಖ ಎಂಬುದು ಇವನ ಸಿದ್ಧಾಂತ. ಹೆಂಡತಿಯ ಅತ್ತೆಯೊಬ್ಬಳನ್ನು ಹತ್ತಿಸಿಕೊಳ್ಳುತ್ತಾನೆ. ಆಕೆಯ ನಾಯಿಯನ್ನು ಬಂಪರಿಗೆ ಕಟ್ಟಿ ಮರೆತು ಕಾರು ಬಿಡುತ್ತಾನೆ. ಇಲ್ಲಿ ನಮ್ಮ ಮನೆಯಲ್ಲಿ ಯಾರೂ ನಗಲಿಲ್ಲ. ಕೊಡಗಿನಲ್ಲಿ ನಾಯಿಯ ವಿಷಯದಲ್ಲಿ ತಮಾಷೆ ನಡೆಯುವುದಿಲ್ಲ. ದಾರಿಯಲ್ಲೇ ಆ ಮುದುಕಿಯೂ ತೀರಿಕೊಳ್ಳುತ್ತಾಳೆ. ಅವಳನ್ನು ಕಾರಿನ ಮೇಲೆ ಕಟ್ಟಿ ಒಯ್ದು, ಮಳೆಯಲ್ಲೇ ಮಗನ ಮನೆಯ ಹಿಂಬದಿ ಕೂರಿಸಿ ಹೊರಟುಬಿಡುತ್ತಾರೆ.

ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅವ್ವ, "ಮಳೆಯಲ್ಲೇ ಬಿಟ್ಟರಾ? ಮೇಲೆ ಒಂದು ಗೊರಬೆಯನ್ನಾದರೂ ಮುಚ್ಚಬಾರದಿತ್ತಾ?" ಎಂದಳು. ಈ ಸಿನಿಮಾದ ಬಗ್ಗೆ ಇಷ್ಟು ಸರಿಯಾದ ವಿಮರ್ಶೆಯನ್ನು ನಾನು ಬೇರೆಲ್ಲೂ ಕೇಳಿಲ್ಲ.

ನನಗೆ ಹಿಡಿಸಿದ್ದು ಗ್ರ್ಯಾಂಡ್ ಕ್ಯಾನ್ಯನ್ ದೃಶ್ಯ. ಹೊಸ ಚಿತ್ರದಲ್ಲಿ ಅದೊಂದು ದೊಡ್ಡ ಸಾಹಸ. ಹಳೆಯದರಲ್ಲಿ ಕ್ಲಾರ್ಕ್ ಹೋಟೆಲಿನ ಗಲ್ಲಾದಿಂದ ಹಣ ಎತ್ತಿಕೊಂಡು ಓಡಿ ಬರುತ್ತಾನೆ, ಹೆಂಡತಿಯ ಪಕ್ಕ ಪ್ರಪಾತದಂಚಿನಲ್ಲಿ ನಿಂತು ಆ ಮಹಾ ಕಣಿವೆಯನ್ನು ಕೆಲವೇ ಕ್ಷಣ ನೋಡುತ್ತಾನೆ, ತಲೆ ಆಡಿಸುತ್ತಾನೆ, ಹೊರಡುತ್ತಾನೆ. ಅಷ್ಟೇ. ಮಡಿಕೇರಿಯ ರಾಜಾಸೀಟಿನಲ್ಲಿ ಪ್ರತಿ ಭಾನುವಾರ ಸಂಜೆ ನಾನು ಈ ತಲೆಯಾಡಿಸುವಿಕೆಯನ್ನು ನೋಡಿದ್ದೇನೆ. ಸೂರ್ಯ ಇನ್ನೂ ಎರಡು ಬೆರಳು ಮೇಲಿರುತ್ತಾನೆ, ಪಾರ್ಕಿಂಗ್‌ನಿಂದ ಕಾರು ತೆಗೆಯುವವರ ಸಾಲು ಶುರುವಾಗಿರುತ್ತದೆ.

ಅಷ್ಟೆಲ್ಲ ಪಾಡುಪಟ್ಟು ತಲುಪಿದಾಗ ವಾಲಿ ವರ್ಲ್ಡ್‌ನ ಗೇಟು ಮುಚ್ಚಿದೆ. ದುರಸ್ತಿಗಾಗಿ ಎರಡು ವಾರ ರಜೆ. ಕ್ಲಾರ್ಕ್ ಆಟಿಕೆಯಂಥ ಬಂದೂಕು ಹಿಡಿದು ಕಾವಲುಗಾರನನ್ನು ಬೆದರಿಸಿ, ಮುಚ್ಚಿದ ಪಾರ್ಕಿನ ಒಂದೊಂದೇ ಆಟವನ್ನು ನಡೆಸಿಸುತ್ತಾನೆ. ಮೊದಲು ಚಿತ್ರೀಕರಿಸಿದ್ದ ಅಂತ್ಯ ಬೇರೆಯೇ ಇತ್ತು. ಅದರಲ್ಲಿ ಅವರು ಪಾರ್ಕಿನ ಮಾಲೀಕನ ಮನೆಗೇ ನುಗ್ಗುತ್ತಾರೆ. ಪ್ರಾಯೋಗಿಕ ಪ್ರದರ್ಶನದಲ್ಲಿ ಜನ ಅದನ್ನು ಒಪ್ಪಲಿಲ್ಲ, ನಿರ್ದೇಶಕ ಹೆರಾಲ್ಡ್ ರೇಮಿಸ್ ಜಾನ್ ಕ್ಯಾಂಡಿಯನ್ನು ಕಾವಲುಗಾರನನ್ನಾಗಿ ಮಾಡಿ ಅಂತ್ಯವನ್ನು ಮತ್ತೆ ತೆಗೆದರು. ಜನ ಹೇಳಿದ್ದು ಸರಿ. ಅಷ್ಟು ದೂರ ಬಂದ ಮೇಲೆ ಮಕ್ಕಳು ಆ ಆಟಗಳಲ್ಲಿ ಒಮ್ಮೆಯಾದರೂ ಕೂರಬೇಕು.

ಗೇಟು ಮುಚ್ಚಿದ್ದನ್ನು ಕಂಡ ತಮ್ಮ ಲ್ಯಾಪ್‌ಟಾಪನ್ನು ನಿಲ್ಲಿಸಿ ನನ್ನ ಕಡೆ ತಿರುಗಿದ. "ಅಣ್ಣ, ಜೋಗ."

1995ರ ಏಪ್ರಿಲ್. ಕಾಫಿ ಬೆಳೆಗಾರನ ಮನೆಯಲ್ಲಿ ಪ್ರವಾಸ ಎಂಬುದಕ್ಕೆ ವರ್ಷದಲ್ಲಿ ಒಂದೇ ಕಿಂಡಿ. ಡಿಸೆಂಬರ್‌ನಿಂದ ಕೊಯ್ಲು, ಕಣದಲ್ಲಿ ಒಣಗಿಸುವುದು. ಅದು ಮುಗಿದರೆ ಹೂಮಳೆಗೆ ಕಾಯುವುದು. ಹೂಮಳೆ ಬಿದ್ದು, ತೋಟ ಒಂದು ವಾರ ಬೆಳ್ಳಗಾಗಿ ಮಲ್ಲಿಗೆಯಂತೆ ಗಮ್ಮೆಂದು, ಆಮೇಲೆ ಕಾಯಿ ಕಚ್ಚುವುದಕ್ಕೆ ಇನ್ನೊಂದು ಮಳೆ ಬೇಕು. ಜೂನ್‌ನಲ್ಲಿ ಮುಂಗಾರು ಹಿಡಿದರೆ ಮನೆಯಿಂದ ಹೊರಗೆ ಹೋಗುವವು ಜಿಗಣೆಗಳು ಮಾತ್ರ. ಆ ವರ್ಷ ಹೂಮಳೆ ಚೆನ್ನಾಗಿ ಬಿತ್ತು. ಅಪ್ಪ ಖುಷಿಯಲ್ಲಿ ಅಡುಗೆಮನೆಯ ಗೋಡೆಯ ಕ್ಯಾಲೆಂಡರ್ ತೆಗೆದು ನಮ್ಮ ಮುಂದೆ ಹಿಡಿದರು. ಅದರಲ್ಲಿ ಜೋಗ. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಕೂಡಿ ಹಾಲಿನ ಗೋಡೆಯಂತೆ ಬೀಳುತ್ತಿದ್ದ ಚಿತ್ರ. ಅದು ಆಗಸ್ಟ್ ತಿಂಗಳ ಹಾಳೆ ಎಂಬುದನ್ನು ಮನೆಯಲ್ಲಿ ಒಬ್ಬರೂ ಗಮನಿಸಲಿಲ್ಲ.

ಜೀಪಿನಲ್ಲಿ ಹೊರಟೆವು. ಮುಂದೆ ಅಪ್ಪ ಮತ್ತು ಅವರ ಅಕ್ಕ, ಅಂದರೆ ನಮ್ಮ ದೊಡ್ಡತ್ತೆ. ಹಿಂದಿನ ಎದುರುಬದುರು ಸೀಟಿನಲ್ಲಿ ಅವ್ವ, ನಾನು, ತಮ್ಮ. ಅವ್ವನ ಕಾಲ ಬಳಿ ಅಕ್ಕಿರೊಟ್ಟಿಯ ಡಬ್ಬಿ, ಹಂದಿಮಾಂಸದ ಉಪ್ಪಿನಕಾಯಿಯ ಭರಣಿ. ಸೋಮವಾರಪೇಟೆ, ಶನಿವಾರಸಂತೆ ದಾಟಿ ಹಾಸನ ತಲುಪುವಷ್ಟರಲ್ಲಿ ಟಾರ್ಪಾಲಿನ ಒಂದು ಮೂಲೆ ಬಿಚ್ಚಿಕೊಂಡು ದಾರಿಯುದ್ದಕ್ಕೂ ತಮ್ಮನ ಕೆನ್ನೆಗೆ ಹೊಡೆಯುತ್ತಿತ್ತು. ಅಪ್ಪ ಕಿಸೆಯಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದರು. ಎಲ್ಲಿ ಎಷ್ಟು ಹೊತ್ತಿಗೆ, ಎಷ್ಟು ಪೆಟ್ರೋಲು, ಎಲ್ಲಿ ಚಹಾ ಎಲ್ಲವೂ ಅದರಲ್ಲಿ ಮೊದಲೇ ಬರೆದಿತ್ತು. ಶಿವಮೊಗ್ಗಕ್ಕೆ ಎರಡು ತಾಸು ತಡವಾಗಿ ತಲುಪಿದಾಗ ಅವರು ಗಡಿಯಾರ ನೋಡಲಿಲ್ಲ. ನೋಟ್‌ಬುಕ್ ತೆಗೆದು ಹೊತ್ತನ್ನು ತಿದ್ದಿ ಬರೆದರು.

ಮರುದಿನ ಬೆಳಿಗ್ಗೆ ಜೋಗದ ಕಂಬಿಯ ಬಳಿ ನಿಂತರೆ ಎದುರಿಗೆ ಬಂಡೆ. 830 ಅಡಿ ಎತ್ತರದ ಕಪ್ಪು ಬಂಡೆ, ಅದರ ಒಂದು ಕಡೆ ನೂಲಿನಂತೆ ನೀರು. ಪಕ್ಕದಲ್ಲಿ ಕಡಲೆಕಾಯಿ ಮಾರುತ್ತಿದ್ದವನು ತಾನಾಗಿಯೇ ಹೇಳಿದ: "ಮೇಲೆ ಲಿಂಗನಮಕ್ಕಿಯಲ್ಲಿ ಕಟ್ಟೆ ಕಟ್ಟಿದ್ದಾರಲ್ಲ ಸ್ವಾಮಿ. ಮಳೆಗಾಲದಲ್ಲಿ ಬರಬೇಕಿತ್ತು." ಅಣೆಕಟ್ಟು ಮುಗಿದದ್ದು 1964ರಲ್ಲಿ. ಅಪ್ಪನ ಮಾಹಿತಿ ಮೂವತ್ತೊಂದು ವರ್ಷ ಹಿಂದೆ ಬಿದ್ದಿತ್ತು.

ದೊಡ್ಡತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, "ನಮ್ಮ ಕೊಟ್ಟಿಗೆಯ ಹಿಂದಿನ ತೋಡಿನಲ್ಲಿ ಇದಕ್ಕಿಂತ ಹೆಚ್ಚು ನೀರಿದೆ" ಎಂದಳು. ಅಪ್ಪ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನಮ್ಮಿಬ್ಬರನ್ನು ಹತ್ತಿರ ಕರೆದು, ಬಂಡೆಯ ಮೇಲೆ ನೀರು ಹರಿದು ಉಳಿದಿದ್ದ ಕಲೆಗಳನ್ನು ಬೆರಳಿನಿಂದ ತೋರಿಸಿದರು. "ಅದು ರಾಜ. ಅದರ ಪಕ್ಕದ್ದು ರೋರರ್. ಆ ಬೆಳ್ಳಗಿನ ಗೆರೆ ರಾಕೆಟ್." ನಾವು ತಲೆ ಆಡಿಸಿದೆವು. ಕ್ಲಾರ್ಕ್ ಇರುವುದನ್ನು ನೋಡಿ ತಲೆ ಆಡಿಸಿದ, ನಾವು ಇಲ್ಲದ್ದನ್ನು ನೋಡಿ.

ಈ ಸರಣಿಯ ಬೇರು ಒಂದು ಸಣ್ಣಕಥೆ ಎಂದು ಆಮೇಲೆ ಓದಿದೆ. ಜಾನ್ ಹ್ಯೂಸ್ 1979ರಲ್ಲಿ 'ನ್ಯಾಷನಲ್ ಲಂಪೂನ್' ಎಂಬ ಹಾಸ್ಯ ಪತ್ರಿಕೆಗೆ ಬರೆದದ್ದು. ಅದರಲ್ಲಿ ಕಥೆ ಹೇಳುವವನು ಅಪ್ಪನಲ್ಲ, ಮಗ. ಅಪ್ಪ ವಾಲ್ಟ್ ಡಿಸ್ನಿಯ ಕಾಲಿಗೆ ಗುಂಡು ಹೊಡೆಯದೇ ಇದ್ದಿದ್ದರೆ ಅದು ನಮ್ಮ ಅತ್ಯುತ್ತಮ ರಜೆಯಾಗುತ್ತಿತ್ತು ಎಂಬ ಧಾಟಿಯಲ್ಲಿ ಶುರುವಾಗುತ್ತದೆ. ಸಿನಿಮಾಕ್ಕೆ ಬಂದಾಗ ಕಥೆ ಮಗನ ಬಾಯಿಂದ ಅಪ್ಪನ ಹೆಗಲಿಗೆ ದಾಟಿತು. ಹೊಸ ಚಿತ್ರದ ಮೇಲೆ ನನ್ನ ನಿಜವಾದ ಸಿಟ್ಟು ಇದೇ. ಮಗ ಬೆಳೆದು ಅಪ್ಪನಾಗಿ ಅದೇ ದಾರಿಯಲ್ಲಿ ಹೊರಟಿದ್ದಾನೆ. ಬಂಪರಿಗೆ ಕಟ್ಟಿದ ನಾಯಿ, ಕಾರಿನ ಮೇಲಿನ ಹೆಣ, ಬಂದೂಕು ಹಿಡಿದ ಅಪ್ಪ ಎಲ್ಲವನ್ನೂ ಕಣ್ಣಾರೆ ಕಂಡವನು ಅವನು. ಅವನಿಗೆ ಹೇಳಲು ಎಷ್ಟಿರಬೇಕು! ಚಿತ್ರ ಅವನಿಂದ ಅದನ್ನು ಕೇಳುವುದೇ ಇಲ್ಲ. ಮೊದಲ ಪ್ರವಾಸದ ಹೆಸರೇ ಕೇಳಿಲ್ಲ ಎಂದು ಅವನ ಮಗ ಹೇಳುತ್ತಾನೆ, ಅದೂ ಒಂದು ಚಟಾಕಿಯಾಗಿ ಹಾರಿಹೋಗುತ್ತದೆ. ದಾರಿಯಲ್ಲಿ ರಸ್ಟಿ ಹಾಡು ಶುರುಮಾಡಿ ಯಾರೂ ದನಿಗೂಡಿಸದೆ ಒಬ್ಬನೇ ಹಾಡುವ ಕಡೆ ಮಾತ್ರ ಆ ಹುಡುಗ ಅಪ್ಪನೊಳಗಿಂದ ಇಣುಕಿದಂತಾಗುತ್ತದೆ.

ನಡುವಿನ ಎರಡರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 1985ರ ಯುರೋಪ್ ಪ್ರವಾಸದಲ್ಲಿ ಲಂಡನ್ನಿನ ವೃತ್ತವೊಂದರಿಂದ ಹೊರಬರಲಾಗದೆ ಕತ್ತಲಾಗುವವರೆಗೂ ಸುತ್ತುವ ದೃಶ್ಯ ಅಪ್ಪಟ ಚಿನ್ನ, ಉಳಿದದ್ದು ಗಿಲೀಟು. 1997ರ ಲಾಸ್ ವೇಗಸ್ ಚಿತ್ರವನ್ನು ಹುಡುಗರು ಅರ್ಧಕ್ಕೇ ನಿಲ್ಲಿಸಿದರು. ಒಂದೊಂದು ಚಿತ್ರದಲ್ಲೂ ಮಗ, ಮಗಳ ಪಾತ್ರಕ್ಕೆ ಹೊಸ ನಟರು. ವೇಗಸ್ ಚಿತ್ರದಲ್ಲಿ ಮಕ್ಕಳ ಗುರುತೇ ಸಿಗುತ್ತಿಲ್ಲ ಎಂದು ಕ್ಲಾರ್ಕನೇ ಹೇಳುತ್ತಾನೆ. ವರ್ಷಕ್ಕೊಮ್ಮೆ ಬೆಂಗಳೂರಿನಿಂದ ಬರುವ ಮೊಮ್ಮಕ್ಕಳನ್ನು ನೋಡಿ ಅವ್ವ ಹೇಳುವುದೂ ಅದನ್ನೇ.

ಆದರೆ 1989ರ ಕ್ರಿಸ್‌ಮಸ್ ಚಿತ್ರವಿದೆಯಲ್ಲ, ನನ್ನ ಲೆಕ್ಕದಲ್ಲಿ ಐದರಲ್ಲಿ ಅದೇ ಮೇಲು. ಅದರಲ್ಲಿ ಯಾರೂ ಎಲ್ಲಿಗೂ ಹೋಗುವುದಿಲ್ಲ. ನೆಂಟರೇ ಬಂದು ಬೀಳುತ್ತಾರೆ. ಎರಡೂ ಕಡೆಯ ಬೀಗರು, ಕಿವಿ ಕೇಳದ ಹಿರಿಯರು, ಕರೆಯದೇ ಬಂದು, ಹೋಗುವ ಸೂಚನೆಯೇ ಇಲ್ಲದ ಎಡ್ಡಿ ಎಂಬ ನೆಂಟ. ಸುಗ್ಗಿಹಬ್ಬ ಹುತ್ತರಿಗೆ ಐನ್‌ಮನೆಯಲ್ಲಿ, ಅಂದರೆ ಕುಟುಂಬದ ಮೂಲಮನೆಯಲ್ಲಿ, ನೆರೆಯುವವರಿಗೆ ಇದನ್ನು ವಿವರಿಸಬೇಕಿಲ್ಲ. ಕದಿರು ತೆಗೆಯುವ ಮುಹೂರ್ತಕ್ಕೆ ಗದ್ದೆಯಲ್ಲಿ ಬಂದೂಕು ಹಾರಿಸುವಾಗ ಎಲ್ಲರೂ ಒಂದೇ ಕುಟುಂಬ. ಮರುದಿನ ಬೆಳಿಗ್ಗೆ ಬಿಸಿನೀರಿನ ಹಂಡೆಯ ಮುಂದೆ ನಾಲ್ಕು ಪಕ್ಷ. ನಮ್ಮಲ್ಲೂ ಒಬ್ಬ ಎಡ್ಡಿ ಇದ್ದಾನೆ. ಹುತ್ತರಿಗೆ ಬಂದವನು ಕೊಯ್ಲು ಮುಗಿದು ಕಾಫಿ ಮೂಟೆ ಲಾರಿಗೆ ಹತ್ತುವವರೆಗೂ ಇರುತ್ತಾನೆ, ಆದರೆ ಒಂದು ಮೂಟೆಗೂ ಕೈಹಚ್ಚುವುದಿಲ್ಲ.

ಕ್ಲಾರ್ಕ್ ಮನೆಗೆ 25,000 ದೀಪ ಕಟ್ಟುತ್ತಾನೆ, ಅವು ಹತ್ತುವುದಿಲ್ಲ. ಇದನ್ನು ಎಲ್ಲರೂ ನೆನೆಯುತ್ತಾರೆ. ನನಗೆ ನೆನಪಿರುವುದು ಅಟ್ಟ. ಉಡುಗೊರೆ ಬಚ್ಚಿಡಲು ಅಟ್ಟ ಹತ್ತಿದವನನ್ನು ಗೊತ್ತಿಲ್ಲದೆ ಏಣಿ ಮುಚ್ಚಿ ಎಲ್ಲರೂ ಪೇಟೆಗೆ ಹೋಗಿಬಿಡುತ್ತಾರೆ. ಚಳಿಗೆ ಹಳೆಯ ಪೆಟ್ಟಿಗೆಯಲ್ಲಿ ಸಿಕ್ಕ ಹೆಂಗಸರ ಉಡುಪನ್ನೇ ಸುತ್ತಿಕೊಂಡು, ತಲೆಗೊಂದು ಬಟ್ಟೆ ಬಿಗಿದುಕೊಂಡು, ಅಲ್ಲೇ ಸಿಕ್ಕ ಪ್ರೊಜೆಕ್ಟರಿನಲ್ಲಿ ತನ್ನ ಬಾಲ್ಯದ ಕ್ರಿಸ್‌ಮಸ್ಸಿನ ರೀಲುಗಳನ್ನು ಹಾಕಿ ನೋಡುತ್ತಾನೆ. ಕಣ್ಣು ತುಂಬಿಕೊಳ್ಳುತ್ತದೆ. ಅಷ್ಟರಲ್ಲಿ ಕೆಳಗಿನಿಂದ ಯಾರೋ ಏಣಿ ಎಳೆಯುತ್ತಾರೆ, ಅವನು ದಡಾರನೆ ಬೀಳುತ್ತಾನೆ. ಒಂದು ಕ್ಷಣ ಹೆಚ್ಚಾದರೆ ಗೋಳು, ಕಡಿಮೆಯಾದರೆ ಬರೀ ಕೋಡಂಗಿಯಾಟ. ಸರಿಯಾಗಿ ಆ ಗಳಿಗೆಗೆ ಬೀಳಿಸುತ್ತಾರೆ. ಈ ಮನುಷ್ಯ ಏಕೆ ಹೀಗೆ ಹಟ ಹಿಡಿದು ಎಲ್ಲರನ್ನೂ ಸುಖಪಡಿಸಲು ಹೊರಟಿದ್ದಾನೆ ಎಂಬುದಕ್ಕೆ ಐದು ಚಿತ್ರಗಳಲ್ಲಿ ಸಿಗುವ ಒಂದೇ ಉತ್ತರ ಆ ಅಟ್ಟದಲ್ಲಿದೆ. 2015ರವರು ಏಣಿಯನ್ನು ಮುಟ್ಟಲೂ ಇಲ್ಲ.

ಒಂದು ವಿಷಯಕ್ಕೆ ಮಾತ್ರ ಅವರನ್ನು ಕ್ಷಮಿಸಿದ್ದೇನೆ. ಕೊನೆಯ ಚಿತ್ರದಲ್ಲಿ ಮುದುಕನಾದ ಕ್ಲಾರ್ಕ್ ಹೆಂಡತಿಯೊಂದಿಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಏನು ನಡೆಸುತ್ತಿದ್ದಾನೆ ಗೊತ್ತೇ? ನಮ್ಮ ಭಾಷೆಯಲ್ಲಿ ಹೇಳುವುದಾದರೆ ಹೋಂಸ್ಟೇ. ರಾತ್ರಿ ತಂಗುವುದು, ಬೆಳಿಗ್ಗೆ ತಿಂಡಿ. ಜೀವನವಿಡೀ ಕಂಡವರ ಊರಿನಲ್ಲಿ ಪೇಚಿಗೆ ಸಿಕ್ಕಿದವನು ಈಗ ಕಂಡವರ ಪೇಚುಗಳಿಗೆ ಹಾಸಿಗೆ ಹಾಸುತ್ತಿದ್ದಾನೆ. ಅದನ್ನು ನೋಡಿ ನನ್ನ ಹೆಂಡತಿ ನನ್ನ ಮುಖ ನೋಡಿದಳು.

ಅದಾಗಿ ಸುಮಾರು ಎರಡು ವಾರಕ್ಕೆ, ಆಗಸ್ಟ್ 3, ಅಂದರೆ ಮಳೆಗಾಲದ ಆಟಿ ತಿಂಗಳ ಹದಿನೆಂಟನೆಯ ದಿನ. ಆ ದಿನ ನಮ್ಮಲ್ಲಿ ಮದ್ದುಸೊಪ್ಪಿನ ಪಾಯಸ ಮಾಡುತ್ತಾರೆ. ಸೊಪ್ಪನ್ನು ಕುದಿಸಿದ ನೀರು ನೇರಳೆ ಬಣ್ಣಕ್ಕೆ ತಿರುಗುತ್ತದೆ, ಆ ನೀರಿನಲ್ಲೇ ಅಕ್ಕಿ ಬೇಯಿಸಿ ಬೆಲ್ಲ, ಕಾಯಿಹಾಲು ಹಾಕುವುದು. ತಿಂದವರ ಮೂತ್ರ ಮರುದಿನ ಕೆಂಪಗೆ ಹೋಗುತ್ತದೆ. ಊರಿನ ಮಕ್ಕಳು ಅದನ್ನು ಒಬ್ಬರಿಗೊಬ್ಬರು ತೋರಿಸಿ ಜಂಬ ಕೊಚ್ಚಿಕೊಳ್ಳುತ್ತಾರೆ. ಮಳೆಯಲ್ಲೂ ಬಂದ ಒಂದು ಕುಟುಂಬ ಆ ದಿನ ನಮ್ಮಲ್ಲಿತ್ತು. ಬಡಿಸುವಾಗ ಅವ್ವ ಎಲ್ಲರಿಗೂ ಎಚ್ಚರಿಕೆ ಹೇಳಿದಳು. ಅಪ್ಪನೆನ್ನುವವನು ಮಾತ್ರ ಆಗ ಗೇಟಿನ ಬಳಿ ಕೊಡೆ ಹಿಡಿದು, ಮರುದಿನಕ್ಕೆ ಜೀಪು ಗೊತ್ತುಮಾಡಲು ಮೊಬೈಲ್ ಸಿಗ್ನಲ್ ಹುಡುಕುತ್ತಿದ್ದ. ಆಮೇಲೆ ಬಂದು ಎರಡು ಬಟ್ಟಲು ಪಾಯಸ ತಿಂದ.

ಬೆಳಿಗ್ಗೆ ಆರು ಗಂಟೆಗೆ ನಾನು ಒಲೆಗೆ ಸೌದೆ ಒಟ್ಟುತ್ತಿದ್ದೆ. ಆತ ಹಿಂದಿನ ಬಾಗಿಲಿನಿಂದ ಬಂದು ಬಹಳ ಮೆಲ್ಲಗೆ, "ಸರ್, ಮಡಿಕೇರಿಯಲ್ಲಿ ಒಳ್ಳೆಯ ಡಾಕ್ಟರು ಯಾರಿದ್ದಾರೆ?" ಎಂದು ಕೇಳಿದ. ಮುಖ ಬಿಳಿಚಿಕೊಂಡಿತ್ತು. ನನಗೆ ತಕ್ಷಣ ಅರ್ಥವಾಯಿತು. ಬಾಯಿ ತೆರೆಯುವಷ್ಟರಲ್ಲಿ ಆತ ಇನ್ನೊಂದು ಮಾತು ಸೇರಿಸಿದ. "ಮನೆಯವರಿಗೆ ಹೇಳಬೇಡಿ. ತಲಕಾವೇರಿ ನೋಡಿಕೊಂಡು ಬಂದ ಮೇಲೆ ಸಂಜೆ ಹೋದರೆ ಸಾಕಾಗಬಹುದಾ?"

ಹಿಂದೆ ಕಿಟಕಿಯಲ್ಲಿ ಅವನ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ನಾನು ಸೊಪ್ಪಿನ ಕಥೆ ಹೇಳಿದೆ. ಆತ ಅಲ್ಲೇ ಸೌದೆಯ ರಾಶಿಯ ಮೇಲೆ ಕುಳಿತುಬಿಟ್ಟ. ಆಮೇಲೆ ಕೇಳಿದ ಮೊದಲ ಪ್ರಶ್ನೆ: "ಹಾಗಾದರೆ ಜೀಪಿನವನಿಗೆ ಎಂಟು ಗಂಟೆಗೇ ಬರಲು ಹೇಳಲಾ?"

ಆಗಸ್ಟ್ 15ರ ರಜೆಗೆ ತಮ್ಮ ಬೆಂಗಳೂರಿನಿಂದ ನೇರವಾಗಿ ಜೋಗಕ್ಕೆ ಹೊರಟ. ಅಪ್ಪ ತೀರಿಕೊಂಡು ಆರು ವರ್ಷವಾಗಿದೆ, ಆ ನೋಟ್‌ಬುಕ್ ಅವನ ಬಳಿಯಿದೆ. ಕ್ಯಾಲೆಂಡರ್ ಸರಿಯಾಗಿ ನೋಡಿದ್ದೇನೆ ಎಂದು ಹೊರಡುವ ಮುನ್ನ ಫೋನಿನಲ್ಲಿ ಹೇಳಿಕೊಂಡ. ಮಧ್ಯಾಹ್ನ ಮತ್ತೆ ಫೋನ್ ಬಂತು.

"ಅಣ್ಣ, ಏನೂ ಕಾಣುತ್ತಿಲ್ಲ. ಬರೀ ಮಂಜು. ಒಂದು ಗಂಟೆಯಿಂದ ನಿಂತಿದ್ದೇವೆ. ಹುಡುಗರು ಕಾರಿಗೆ ಹೋಗಿ ಕುಳಿತರು."

"ನೀರು?"

"ಇರಬೇಕು. ಸದ್ದು ಕೇಳುತ್ತಿದೆ."

ಅವ್ವ ಕೈ ಚಾಚಿದಳು, ಫೋನ್ ಕೊಟ್ಟೆ. ಅವಳು ಅದನ್ನು ಕಿವಿಗೆ ಒತ್ತಿ ಹಿಡಿದು, ಮಾತಾಡದೆ, ಬಹಳ ಹೊತ್ತು ಕೇಳಿಸಿಕೊಂಡಳು. "ಆವತ್ತು ಇದೂ ಇರಲಿಲ್ಲ" ಎಂದಳು. ಆಮೇಲೆ, "ಊಟಕ್ಕೆ ಏನು ತಂದಿದ್ದೀರಿ?" ಎಂದು ಕೇಳಿದಳು.